ಬೆನ್ನುಮೂಳೆಯ ಎಂಆರ್‌ಐ: ಗಡ್ಡೆಯೋ, ಟಿಬಿಯೋ, ಮೂಳೆ ಕುಸಿತವೋ ಎಂದು ತಿಳಿಯುವ ಬಗೆ

ಕಾಫಿ ಮೂಟೆ ಹೊರುವವರು, ಏಣಿ ಹತ್ತಿ ಕಾಳುಮೆಣಸು ಕೊಯ್ಯುವವರು, ದಿನವಿಡೀ ಬಗ್ಗಿ ಗದ್ದೆಯಲ್ಲಿ ನಾಟಿ ಮಾಡುವವರು ಇರುವ ಕೊಡಗಿನಲ್ಲಿ ಬೆನ್ನುನೋವು ಮನೆಮನೆಯ ಮಾತು. ಅದರಲ್ಲಿ ಬಹುಪಾಲು ಸ್ನಾಯುವಿನದು, ಡಿಸ್ಕಿನದು, ಸವೆತದ್ದು. ಕೆಲವೇ ವಾರಗಳಲ್ಲಿ ಇಳಿದುಹೋಗುತ್ತದೆ, ಸ್ಕ್ಯಾನ್ ಬೇಕಾಗುವುದೂ ಇಲ್ಲ. ಈ ಲೇಖನ ಉಳಿದವರಿಗಾಗಿ. ಎಂಆರ್‌ಐ ವರದಿಯಲ್ಲಿ 'ಗಡ್ಡೆ ಇರಬಹುದು, ಟಿಬಿಯೂ ಇರಬಹುದು' ಎಂದು ಓದಿ ಗಾಬರಿಯಾದವರಿಗೆ, ಅವರ ಮನೆಯವರಿಗೆ, ಅವರನ್ನು ಮೊದಲು ನೋಡುವ ಊರಿನ ವೈದ್ಯರಿಗೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಎಂಆರ್‌ಐ ರೋಗದ ಹೆಸರನ್ನು ಬರೆದುಕೊಡುವುದಿಲ್ಲ. ಎಲ್ಲಿ ಏನು ಬದಲಾಗಿದೆ ಎಂದು ತೋರಿಸುತ್ತದೆ, ಅಷ್ಟೆ. ಯಾವ ಪ್ರಶ್ನೆ ಇಟ್ಟುಕೊಂಡು ಸ್ಕ್ಯಾನ್ ಮಾಡಿಸಿದೆವು, ಯಾವ ಬಗೆಯ ಚಿತ್ರಗಳನ್ನು ತೆಗೆಸಿದೆವು, ಅವನ್ನು ಯಾವ ಕ್ರಮದಲ್ಲಿ ಓದಿದೆವು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ಕಾಯಬಾರದ ಲಕ್ಷಣಗಳು

ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೆ ಹೋಗುವುದು, ಕೂರುವ ಜಾಗ ಮತ್ತು ಗುಪ್ತಾಂಗದ ಸುತ್ತ ಜೋಮು, ಎರಡೂ ಕಾಲಿನ ಬಲ ದಿನದಿಂದ ದಿನಕ್ಕೆ ಇಳಿಯುವುದು: ಇವುಗಳಲ್ಲಿ ಒಂದಿದ್ದರೂ ಅದು ತುರ್ತು. ಅದೇ ದಿನ ಎಂಆರ್‌ಐ ಮತ್ತು ನರಶಸ್ತ್ರಚಿಕಿತ್ಸೆ ಎರಡೂ ಸಿಗುವ ಊರಿಗೆ ಹೊರಡಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140. ಮಳೆಗಾಲದಲ್ಲಿ ಸಂಪಾಜೆ ಘಾಟಿಯನ್ನು ನಂಬಿ ಹೊರಡುವ ಮುನ್ನ ರಸ್ತೆ ತೆರೆದಿದೆಯೇ ಎಂದು ಫೋನಿನಲ್ಲಿ ಕೇಳಿಕೊಳ್ಳಿ. 2018ರ ಭೂಕುಸಿತದಲ್ಲಿ ಆ ದಾರಿ ಪೂರ್ತಿ ಬಂದಾಗಿತ್ತು. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರು ಮುಂದೆಯೂ ನಡೆಯುವ ಸಾಧ್ಯತೆ ಹೆಚ್ಚು. ಕಾಲು ಪೂರ್ತಿ ಬಿದ್ದ ಮೇಲೆ ಬಂದವರಲ್ಲಿ ಆ ಸಾಧ್ಯತೆ ಬಹಳ ಕಡಿಮೆ.

ಇಷ್ಟು ತುರ್ತಲ್ಲದಿದ್ದರೂ ತಡಮಾಡದೆ ಸ್ಕ್ಯಾನ್ ಮಾಡಿಸಬೇಕಾದವರು ಇನ್ನೂ ಕೆಲವರಿದ್ದಾರೆ. ಮಲಗಿದರೂ ಇಳಿಯದೆ ರಾತ್ರಿ ಎಬ್ಬಿಸುವ ನೋವು, ಕಾರಣವಿಲ್ಲದೆ ತೂಕ ಇಳಿತ, ಸಂಜೆ ಜ್ವರ, ಹಿಂದೆ ಯಾವುದೇ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದದ್ದು, ಬಹುಕಾಲ ಸ್ಟಿರಾಯ್ಡ್ ತಿಂದದ್ದು, ಎಚ್‌ಐವಿ, ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾಗುವುದು ಇವರ ಲಕ್ಷಣಗಳು.

ಸ್ಕ್ಯಾನಿಗೆ ಮುನ್ನ ಊರಿನಲ್ಲೇ ಆಗುವ ಕೆಲಸ

ನೋವಿರುವ ಭಾಗದ ಎಕ್ಸ್‌ರೇ, ಎದೆಯ ಎಕ್ಸ್‌ರೇ, ರಕ್ತದ ಪೂರ್ಣ ಎಣಿಕೆ, ಉರಿಯೂತ ಅಳೆಯುವ ಇಎಸ್‌ಆರ್ ಮತ್ತು ಸಿಆರ್‌ಪಿ, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಜೊತೆಗೆ ಕ್ಯಾಲ್ಸಿಯಂ ಮಾಡಿಸಿಕೊಳ್ಳಿ. ವಯಸ್ಸು 50 ದಾಟಿದ್ದರೆ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಸೇರಿಸಿ, ಅದು ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್‌ನ ಸುಳಿವು ಕೊಡುತ್ತದೆ. ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವಿಗೆ ಪಿಎಸ್‌ಎ ಕೂಡ ಬೇಕು. ಹಸು, ಹಂದಿ ಸಾಕುವವರು, ಕರು ಹಾಕಿಸಲು ಕೈಹಾಕಿದವರು, ಹಸಿ ಹಾಲು ಕುಡಿಯುವವರು, ಸಾಕುಪ್ರಾಣಿಗಳಿಂದ ಬರುವ ಬ್ರುಸೆಲ್ಲಾ ಸೋಂಕಿನ ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ಬ್ರುಸೆಲ್ಲಾ ಸೊಂಟದ ಕೆಳಭಾಗದ ಮೂಳೆಗಳನ್ನು ಹಿಡಿಯುತ್ತದೆ, ಎಂಆರ್‌ಐನಲ್ಲಿ ಟಿಬಿಯಂತೆಯೇ ಕಾಣುತ್ತದೆ, ಔಷಧಿ ಮಾತ್ರ ಬೇರೆ. ಮನೆಯಲ್ಲಿ ದನಕರು ಇವೆಯೇ ಎಂದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಯಾರೂ ಕೇಳದೇ ಹೋಗಬಹುದು. ನೀವಾಗಿಯೇ ಹೇಳಿ.

ಇಎಸ್‌ಆರ್ 100 ದಾಟಿದ ಮಾತ್ರಕ್ಕೆ ಟಿಬಿ ಎಂದು ತೀರ್ಮಾನಿಸಬೇಡಿ. ಮೈಲೋಮಾದಲ್ಲೂ ಅದು ಅಷ್ಟೇ ಏರುತ್ತದೆ.

ಚೀಟಿಯಲ್ಲಿ ಏನು ಬರೆಯಬೇಕು

'ಬೆನ್ನುನೋವು, ಎಂಆರ್‌ಐ ಎಲ್‌ಎಸ್ ಸ್ಪೈನ್' ಎಂದಷ್ಟೇ ಬರೆದ ಚೀಟಿಗೆ ಸೊಂಟದ ಸಾಮಾನ್ಯ ಸ್ಕ್ಯಾನ್ ಆಗುತ್ತದೆ, ಡಿಸ್ಕಿನ ವರದಿ ಬರುತ್ತದೆ. ನಡೆಯುವಾಗ ಕಾಲು ಬಿಗಿದು ತೊಡರುತ್ತಿದ್ದ ರೋಗಿಯ ನಿಜವಾದ ತೊಂದರೆ ಎದೆಯ ಹಿಂದಿನ ಆರನೇ ಕಶೇರುವಿನ (ಬೆನ್ನುಮೂಳೆಯ ಒಂದು ಬಿಲ್ಲೆ), ಅಂದರೆ ಡಿ6ರ ಮಟ್ಟದಲ್ಲಿದ್ದರೆ ಆ ಸ್ಕ್ಯಾನಿನಲ್ಲಿ ಅದು ಕಾಣುವುದೇ ಇಲ್ಲ. ಬೆನ್ನುಹುರಿ ಸೊಂಟದ ಮೊದಲೆರಡು ಕಶೇರುಗಳಾದ ಎಲ್1–ಎಲ್2ರ ಹೊತ್ತಿಗೆ ಮುಗಿದುಬಿಡುತ್ತದೆ, ಕಾಲು ಬಿಗಿಯುವಂತೆ ಮಾಡುವ ರೋಗ ಅದಕ್ಕಿಂತ ಮೇಲಿರಬೇಕು. ಬೆನ್ನುಹುರಿಯ ಗಡ್ಡೆ ತಪ್ಪಿಹೋಗುವುದಕ್ಕೆ ನಾವು ಕಾಣುವ ಅತಿ ಸಾಮಾನ್ಯ ಕಾರಣ ಇದು. ಯಂತ್ರದ ತಪ್ಪಲ್ಲ, ಸ್ಕ್ಯಾನ್ ಮಾಡಿದ ಜಾಗದ ತಪ್ಪು.

ಚೀಟಿ ಹೀಗಿದ್ದರೆ ರೇಡಿಯಾಲಜಿಸ್ಟ್‌ಗೆ ಕೆಲಸ ಸಲೀಸು: '58 ವರ್ಷದ ಮಹಿಳೆ. ಮೂರು ತಿಂಗಳಿಂದ ಬೆನ್ನಿನ ನಡುಭಾಗದಲ್ಲಿ ನೋವು, ರಾತ್ರಿ ಹೆಚ್ಚು. ಎರಡು ವಾರದಿಂದ ಎರಡೂ ಕಾಲು ಬಿಗಿತ, ಹೊಕ್ಕುಳಿನಿಂದ ಕೆಳಗೆ ಸ್ಪರ್ಶ ಕಡಿಮೆ. ಐದು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಚಿಕಿತ್ಸೆ. ಇಎಸ್‌ಆರ್ 70, ಕ್ರಿಯಾಟಿನಿನ್ 0.9. ಪ್ರಶ್ನೆ: ಗಡ್ಡೆಯೋ, ಸೋಂಕೋ, ಮೂಳೆ ಕುಸಿತವೋ? ಇಡೀ ಬೆನ್ನುಮೂಳೆ, ಕಾಂಟ್ರಾಸ್ಟ್ ಸಹಿತ.' ಹೊಕ್ಕುಳಿನ ಮಟ್ಟ ಎಂದರೆ ಡಿ10. ಆ ಒಂದು ಮಾತಿನಿಂದ ಎಲ್ಲಿ ಹುಡುಕಬೇಕೆಂಬುದು ಗೊತ್ತಾಗುತ್ತದೆ.

ಯಾವ ಚಿತ್ರಗಳು ಬೇಕು

1.5 ಟೆಸ್ಲಾ ಯಂತ್ರ ಸಾಕು, 3 ಟೆಸ್ಲಾ ಇದ್ದರೆ ಬೆನ್ನುಹುರಿಯ ಒಳಗಿನ ವಿವರ ಇನ್ನೂ ಚೆನ್ನಾಗಿ ಕಾಣುತ್ತದೆ. 0.2 ರಿಂದ 0.4 ಟೆಸ್ಲಾದ ತೆರೆದ ಯಂತ್ರಗಳಲ್ಲಿ ಉಸಿರು ಕಟ್ಟಿದಂತಾಗುವ ಭಯ ಕಡಿಮೆ. ಆದರೆ ಈ ಪ್ರಶ್ನೆಗೆ ಅವುಗಳ ಚಿತ್ರ ಸಾಲದು.

ಟಿ1 ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ನೀರು ಕಪ್ಪಗೆ. ಟಿ2ನಲ್ಲಿ ನೀರು ಬೆಳ್ಳಗೆ. ಸ್ಟಿರ್ ಎಂಬ ಚಿತ್ರದಲ್ಲಿ ಕೊಬ್ಬಿನ ಬಿಳುಪನ್ನು ಅಳಿಸಿ ನೀರನ್ನು ಮಾತ್ರ ಉಳಿಸುತ್ತಾರೆ, ಆದ್ದರಿಂದ ಮೂಳೆಯೊಳಗಿನ ಊತ ಅಲ್ಲಿ ಎದ್ದು ಕಾಣುತ್ತದೆ. ಈ ಮೂರು ಎಲ್ಲೆಡೆ ಇರುತ್ತವೆ. ಕೇಳಿ ಮಾಡಿಸಬೇಕಾದವು ಬೇರೆ.

ಕೆಮಿಕಲ್ ಶಿಫ್ಟ್ ಅಥವಾ ಡಿಕ್ಸನ್: ಆರೋಗ್ಯವಾದ ಕಶೇರುವಿನ ಮಜ್ಜೆಯಲ್ಲಿ ಕೊಬ್ಬು ಮತ್ತು ನೀರು ಬೆರೆತಿರುತ್ತವೆ. ಒಂದು ಚಿತ್ರದಲ್ಲಿ ಎರಡರ ಸಂಕೇತವನ್ನು ಕೂಡಿಸಿ, ಇನ್ನೊಂದರಲ್ಲಿ ಕಳೆದು ನೋಡುತ್ತಾರೆ. ಕಳೆದಾಗ ಸಂಕೇತ ಶೇಕಡ 20ಕ್ಕಿಂತ ಹೆಚ್ಚು ಇಳಿದರೆ ಮಜ್ಜೆಯಲ್ಲಿ ಕೊಬ್ಬು ಇನ್ನೂ ಉಳಿದಿದೆ ಎಂದರ್ಥ, ಗಡ್ಡೆಯ ಸಾಧ್ಯತೆ ಕಡಿಮೆ. ಇಳಿಯದಿದ್ದರೆ ಬೇರೇನೋ ಮಜ್ಜೆಯ ಜಾಗವನ್ನು ಹಿಡಿದಿದೆ. ಕೆಲವೇ ನಿಮಿಷದ ಕೆಲಸ, ಇಂಜೆಕ್ಷನ್ ಬೇಡ. ಮೂಳೆ ಸವೆತದ ಕುಸಿತ ಮತ್ತು ಕ್ಯಾನ್ಸರ್‌ನ ಕುಸಿತ ಇವೆರಡನ್ನು ಬೇರ್ಪಡಿಸಲು ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ನೆರವಾಗುವುದು ಇನ್ನೊಂದಿಲ್ಲ. ಇದು ಎಲ್ಲಿ ಎಡವುತ್ತದೆ ಎಂಬುದೂ ತಿಳಿದಿರಲಿ. ಟಿಬಿಯೂ ಮಜ್ಜೆಯ ಕೊಬ್ಬನ್ನು ತಿಂದುಹಾಕುವುದರಿಂದ ಟಿಬಿ ಮತ್ತು ಗಡ್ಡೆಯ ನಡುವೆ ಇದು ತೀರ್ಪು ಹೇಳಲಾರದು. ತಾಜಾ ಮುರಿತದಲ್ಲಿ ರಕ್ತ ತುಂಬಿದ್ದರೂ ಸಂಕೇತ ಇಳಿಯದೆ ದಾರಿ ತಪ್ಪಿಸಬಹುದು. ಮಜ್ಜೆಯಲ್ಲಿ ಅಲ್ಲಲ್ಲಿ ಮಾತ್ರ ಹರಡಿದ ಮೈಲೋಮಾದಲ್ಲಿ ಸಂಕೇತ ಇಳಿದು ಸುಳ್ಳು ಸಮಾಧಾನ ಕೊಡಬಹುದು.

ಡಿಫ್ಯೂಷನ್: ಅಂಗಾಂಶದೊಳಗೆ ನೀರಿನ ಕಣಗಳು ಎಷ್ಟು ಸಲೀಸಾಗಿ ಓಡಾಡುತ್ತವೆ ಎಂಬುದರ ಅಳತೆ. ಜೀವಕೋಶಗಳು ಒತ್ತೊತ್ತಾಗಿರುವ ಗಡ್ಡೆಯಲ್ಲಿ ಓಡಾಟ ಕಡಿಮೆ, ಊದಿಕೊಂಡ ಮುರಿತದಲ್ಲಿ ಹೆಚ್ಚು. ಆದರೆ ದಪ್ಪ ಕೀವಿನಲ್ಲೂ ಓಡಾಟ ಕಡಿಮೆಯೇ. ಹಾಗಾಗಿ 'ಡಿಫ್ಯೂಷನ್ ರಿಸ್ಟ್ರಿಕ್ಷನ್ ಇದೆ' ಎಂಬ ಸಾಲನ್ನು 'ಕ್ಯಾನ್ಸರ್ ಇದೆ' ಎಂದು ಓದಬೇಡಿ. ಎಡಿಸಿ ಎಂಬ ಜೊತೆಚಿತ್ರವನ್ನೂ ನೋಡದೆ ಬರೀ ಬಿಳುಪು ನೋಡಿ ಹೇಳುವುದೂ ತಪ್ಪು.

ಕಾಂಟ್ರಾಸ್ಟ್ ಎಂದರೆ ಗ್ಯಾಡೋಲಿನಿಯಂ ಇಂಜೆಕ್ಷನ್. ತೂಕದ ಪ್ರತಿ ಕಿಲೋಗೆ 0.1 ಮಿಲಿಮೋಲ್, ಸಾಮಾನ್ಯವಾಗಿ ಸಿಗುವ ದ್ರಾವಣದಲ್ಲಿ 60 ಕಿಲೋ ತೂಕದವರಿಗೆ 12 ಮಿಲಿಲೀಟರ್. ಇಂಜೆಕ್ಷನ್ ಕೊಡುತ್ತಿರುವಾಗಲೇ ಸೆಕೆಂಡುಗಳ ಅಂತರದಲ್ಲಿ ಚಿತ್ರ ತೆಗೆಯುತ್ತ ಹೋದರೆ ಅದು ಪರ್ಫ್ಯೂಷನ್. ರಕ್ತನಾಳ ಹೆಚ್ಚಿರುವ ಗಡ್ಡೆ ಬೇಗ ತುಂಬಿಕೊಳ್ಳುತ್ತದೆ, ಹಳೆಯ ಮುರಿತ ನಿಧಾನ. ರೇಡಿಯೇಷನ್ ಆದ ಮೇಲೆ ಉಳಿದಿರುವುದು ಜೀವಂತ ಗಡ್ಡೆಯೋ ಬರೀ ಗಾಯದ ಕಲೆಯೋ ಎಂದು ಕೇಳುವಾಗ ಇದರ ಬೆಲೆ ಹೆಚ್ಚು. ಮೊದಲ ಸ್ಕ್ಯಾನಿಗೇ ಇದನ್ನು ಹಠ ಹಿಡಿದು ಕೇಳಬೇಕಾಗಿಲ್ಲ.

ಯಂತ್ರದೊಳಗೆ ಹೋಗುವ ಮುನ್ನ

ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಸಾಧನ, ಮಿದುಳಿನ ರಕ್ತನಾಳದ ಕ್ಲಿಪ್, ಗ್ರೈಂಡಿಂಗ್ ಅಥವಾ ವೆಲ್ಡಿಂಗ್ ಕೆಲಸದಲ್ಲಿ ಕಣ್ಣಿಗೆ ಸಿಡಿದ ಕಬ್ಬಿಣದ ಚೂರು ಇದ್ದರೆ ಮುಂಚೆಯೇ ಹೇಳಿ. ಕೋವಿ ಇರುವ ನಾಡಿನಲ್ಲಿ ಇನ್ನೊಂದು ಪ್ರಶ್ನೆಯೂ ಬೇಕು: ಮೈಯಲ್ಲಿ ಚರೆ ಉಳಿದಿದೆಯೇ? ಸೀಸದ ಚರೆಯನ್ನು ಅಯಸ್ಕಾಂತ ಎಳೆಯುವುದಿಲ್ಲ, ಉಕ್ಕಿನದನ್ನು ಎಳೆಯುತ್ತದೆ. ಯಾವುದೆಂದು ಹೊರಗಿನಿಂದ ಗೊತ್ತಾಗದು. ಎಕ್ಸ್‌ರೇ ತೆಗೆದು, ಕಣ್ಣು, ಬೆನ್ನುಹುರಿ, ದೊಡ್ಡ ರಕ್ತನಾಳಗಳ ಹತ್ತಿರ ಇಲ್ಲವೆಂದು ನೋಡಿಕೊಂಡ ಮೇಲೆ ರೇಡಿಯಾಲಜಿಸ್ಟ್ ತೀರ್ಮಾನಿಸುತ್ತಾರೆ.

ಕರಿಮಣಿ, ಪತ್ತಾಕ್, ಕಡಗ, ಸೀರೆಯ ಪಿನ್ನು, ಉಡಿದಾರದ ತಾಯತ ಎಲ್ಲವನ್ನೂ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಕಾಂಟ್ರಾಸ್ಟ್‌ಗೆ ಸಾಮಾನ್ಯವಾಗಿ ನಾಲ್ಕು ಗಂಟೆ ಹೊಟ್ಟೆ ಖಾಲಿ ಇರಲು ಹೇಳುತ್ತಾರೆ. ಮೂತ್ರಪಿಂಡದ ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕಡಿಮೆ ಇದ್ದರೆ ಯಾವ ಬಗೆಯ ಗ್ಯಾಡೋಲಿನಿಯಂ ಕೊಡಬಹುದು ಎಂಬುದನ್ನು ವೈದ್ಯರು ನೋಡಬೇಕಾಗುತ್ತದೆ. ಗರ್ಭಿಣಿಯರಿಗೆ ಅನಿವಾರ್ಯವಿಲ್ಲದೆ ಈ ಇಂಜೆಕ್ಷನ್ ಕೊಡುವುದಿಲ್ಲ.

ಕಾಂಟ್ರಾಸ್ಟ್ ಸಹಿತ ಇಡೀ ಬೆನ್ನಿಗೆ ಮುಕ್ಕಾಲರಿಂದ ಒಂದು ಗಂಟೆ ಹಿಡಿಯುತ್ತದೆ. ನೋವಿನಿಂದ ರೋಗಿ ಮಿಸುಕಿದರೆ ಡಿಫ್ಯೂಷನ್ ಚಿತ್ರ ಮೊದಲು ಕೆಡುತ್ತದೆ. ಆದ್ದರಿಂದ ನೋವಿನ ಮಾತ್ರೆಯನ್ನು ಅರ್ಧ ಗಂಟೆ ಮುಂಚೆ ಕೊಡಲು ಕೇಳಿ, ಮೊಣಕಾಲಿನ ಕೆಳಗೆ ದಿಂಬು ಇಡಿಸಿ.

ಚಿತ್ರ ಓದುವ ಕ್ರಮ

ಮೊದಲು ಜಾಗ. ಬದಲಾವಣೆ ಮೂಳೆಯಲ್ಲಿದೆಯೋ, ಬೆನ್ನುಹುರಿಯ ಪೊರೆಯ ಹೊರಗಿದೆಯೋ, ಪೊರೆಯ ಒಳಗೆ ಆದರೆ ಹುರಿಯ ಹೊರಗಿದೆಯೋ, ಹುರಿಯ ಒಳಗೇ ಇದೆಯೋ? ಇದು ತಿಳಿದರೆ ಸಾಧ್ಯತೆಗಳ ಪಟ್ಟಿ ಅರ್ಧಕ್ಕರ್ಧ ಇಳಿಯುತ್ತದೆ. ವಯಸ್ಕರಲ್ಲಿ ಹೆಚ್ಚಾಗಿ ಕಾಣುವುದು ಮೂಳೆಗೆ ಬೇರೆಡೆಯಿಂದ ಹರಡಿ ಬಂದ ಕ್ಯಾನ್ಸರ್.

ಆಮೇಲೆ ಟಿ1 ಚಿತ್ರದಲ್ಲಿ ಕಶೇರುವಿನ ಬಣ್ಣವನ್ನು ಪಕ್ಕದ ಡಿಸ್ಕಿನ ಜೊತೆ ಹೋಲಿಸಿ. ವಯಸ್ಕರ ಆರೋಗ್ಯವಾದ ಕಶೇರು ಡಿಸ್ಕಿಗಿಂತ ಬೆಳ್ಳಗಿರಬೇಕು. ಡಿಸ್ಕಿಗಿಂತ ಕಪ್ಪಗಿದ್ದರೆ ಅನುಮಾನ. ಮಕ್ಕಳಲ್ಲಿ ಮತ್ತು ತೀವ್ರ ರಕ್ತಹೀನತೆ ಇರುವವರಲ್ಲಿ ಈ ನಿಯಮ ನಿಲ್ಲುವುದಿಲ್ಲ. ರಕ್ತಹೀನತೆಯಲ್ಲಿ ಕೊಬ್ಬಿನ ಮಜ್ಜೆ ಮತ್ತೆ ರಕ್ತ ತಯಾರಿಸುವ ಮಜ್ಜೆಯಾಗಿ ಬದಲಾಗಿ ಎಲ್ಲ ಕಶೇರುಗಳೂ ಒಂದೇ ಸಮ ಮಬ್ಬಾಗುತ್ತವೆ. ಚೀಟಿಯಲ್ಲಿ ಹಿಮೋಗ್ಲೋಬಿನ್ ಬರೆದಿದ್ದರೆ ಈ ಗೊಂದಲ ತಪ್ಪುತ್ತದೆ.

ಟಿ1 ಮತ್ತು ಟಿ2 ಎರಡರಲ್ಲೂ ಬೆಳ್ಳಗೆ, ದುಂಡಗೆ ಕಾಣುವುದು ಹೆಚ್ಚಾಗಿ ಹೆಮಾಂಜಿಯೋಮಾ. ಸುಮಾರು ಹತ್ತು ಜನರಲ್ಲಿ ಒಬ್ಬರ ಬೆನ್ನುಮೂಳೆಯಲ್ಲಿ ಇರುವ ನಿರಪಾಯಕಾರಿ ರಕ್ತನಾಳದ ಗಂಟು ಅದು. ವರದಿಯಲ್ಲಿ ಆ ಹೆಸರು ಕಂಡು ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಈಗ ನಮ್ಮಲ್ಲಿ ಅತಿ ಹೆಚ್ಚು ತಲೆಕೆಡಿಸುವ ಪ್ರಶ್ನೆ: ಟಿಬಿಯೋ, ಹರಡಿದ ಕ್ಯಾನ್ಸರೋ? ಟಿಬಿ ಸಾಮಾನ್ಯವಾಗಿ ಕಶೇರುವಿನ ಮುಂಭಾಗದ ಮೂಲೆಯಲ್ಲಿ ಶುರುವಾಗಿ, ಮುಂದಿನ ಅಸ್ಥಿರಜ್ಜುವಿನ ಅಡಿಯಲ್ಲಿ ನುಸುಳಿ ಪಕ್ಕದ ಕಶೇರುವಿಗೆ ದಾಟುತ್ತದೆ. ಎರಡು ಅಥವಾ ಹೆಚ್ಚು ಕಶೇರುಗಳು ಒಟ್ಟಿಗೆ ಕೆಡುತ್ತವೆ. ಪಕ್ಕದಲ್ಲಿ ದೊಡ್ಡ ಕೀವಿನ ಚೀಲ, ಕಾಂಟ್ರಾಸ್ಟ್ ಕೊಟ್ಟಾಗ ತೆಳುವಾದ ನಯವಾದ ಅಂಚು ಮಾತ್ರ ಬೆಳಗುತ್ತದೆ. ಆ ಕೀವು ಸೋಯಾಸ್ ಸ್ನಾಯುವಿನ ಜೊತೆ ಇಳಿದು ತೊಡೆಸಂದಿನವರೆಗೂ ಬರಬಹುದು. ಬೇರೆ ಬ್ಯಾಕ್ಟೀರಿಯಾದ ಕೀವಾದರೆ ಅಂಚು ದಪ್ಪ, ಒರಟು. ಡಿಸ್ಕು ಬೇಗನೆ ಕರಗುತ್ತದೆ, ಜ್ವರ ಜೋರು. ಕ್ಯಾನ್ಸರ್ ಹಾಗಲ್ಲ. ಅದು ಕಶೇರುವಿನ ಹಿಂಭಾಗ ಮತ್ತು ಪೆಡಿಕಲ್ ಎಂಬ ಪಕ್ಕದ ಕಂಬಗಳನ್ನು ಹಿಡಿಯುತ್ತದೆ, ಡಿಸ್ಕನ್ನು ಮುಟ್ಟದೆ ಬಿಡುತ್ತದೆ, ನಡುವೆ ಒಳ್ಳೆಯ ಕಶೇರುಗಳನ್ನು ಬಿಟ್ಟು ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ, ಪಕ್ಕದ ಮಾಂಸಲ ಗಂಟು ಗಟ್ಟಿಯಾಗಿದ್ದು ಪೂರ್ತಿ ಬೆಳಗುತ್ತದೆ.

'ಡಿಸ್ಕ್ ಉಳಿದಿದ್ದರೆ ಗಡ್ಡೆ, ಹೋಗಿದ್ದರೆ ಸೋಂಕು' ಎಂಬ ಹಳೆಯ ಪಾಠವನ್ನು ನಮ್ಮ ನಾಡಿನಲ್ಲಿ ಕಣ್ಣುಮುಚ್ಚಿ ಬಳಸಬಾರದು. ಟಿಬಿಯೂ ಡಿಸ್ಕನ್ನು ಬಹುಕಾಲ ಬಿಟ್ಟಿರುತ್ತದೆ. ಕೆಲವರಲ್ಲಿ ಹಿಂಭಾಗದ ಮೂಳೆಯನ್ನಷ್ಟೇ ಹಿಡಿದು ಥೇಟು ಕ್ಯಾನ್ಸರ್‌ನಂತೆ ಕಾಣುತ್ತದೆ. ಅಂಥವರಿಗೆ ಚಿತ್ರ ಎಷ್ಟೇ ಚೆನ್ನಾಗಿ ಬಂದಿದ್ದರೂ ಉತ್ತರ ಬಯಾಪ್ಸಿಯಲ್ಲೇ, ಅಂದರೆ ಸಣ್ಣ ತುಂಡು ತೆಗೆದು ಪರೀಕ್ಷಿಸುವುದರಲ್ಲೇ.

ಇನ್ನು ಕುಸಿದ ಮೂಳೆ. ಮೆಣಸಿನ ಏಣಿಯಿಂದ ಜಾರಿದ ಅರವತ್ತೈದರ ಹೆಂಗಸಿನ ಡಿ12 ಕುಸಿದಿದೆ ಎಂದುಕೊಳ್ಳಿ. ಸವೆದ ಮೂಳೆಯ ಮುರಿತವಾದರೆ ಟಿ1ನಲ್ಲಿ ಮೇಲ್ಪದರದ ಗುಂಟ ಕಪ್ಪು ಪಟ್ಟಿ ಕಾಣುತ್ತದೆ, ಅದರ ಕೆಳಗೆ ಬಿಳಿ ಮಜ್ಜೆ ಉಳಿದಿರುತ್ತದೆ. ಸ್ಟಿರ್‌ನಲ್ಲಿ ಮುರಿದ ಜಾಗದಲ್ಲಿ ನೀರಿನ ಬಿಳಿ ಗೆರೆ ಇರಬಹುದು. ಹಿಂದಿನ ಅಂಚು ಒಡೆದು ಕೋನದಂತೆ ಚಾಚಿರುತ್ತದೆ, ಬೇರೆ ಮಟ್ಟದಲ್ಲಿ ಕೂಡಿಕೊಂಡ ಹಳೆಯ ಕುಸಿತಗಳೂ ಸಿಗಬಹುದು. ಕ್ಯಾನ್ಸರ್‌ನಿಂದ ಕುಸಿದದ್ದಾದರೆ ಇಡೀ ಕಶೇರು ಕಪ್ಪು, ಹಿಂದಿನ ಅಂಚು ಉಬ್ಬಿ ದುಂಡಗೆ ಹುರಿಯ ಕಡೆ ಚಾಚಿದೆ, ಪೆಡಿಕಲ್ ಕೂಡ ಕೆಟ್ಟಿದೆ, ಪಕ್ಕದಲ್ಲಿ ಗಂಟಿದೆ. ಬಿದ್ದದ್ದು ನಿಜ ಎಂಬ ಕಾರಣಕ್ಕೆ ಕ್ಯಾನ್ಸರ್ ಇಲ್ಲ ಎನ್ನಲಾಗದು, ಒಳಗೆ ಟೊಳ್ಳಾದ ಮೂಳೆ ಸಣ್ಣ ಪೆಟ್ಟಿಗೂ ಕುಸಿಯುತ್ತದೆ. ಎರಡರ ನಡುವೆ ತೀರ್ಮಾನವಾಗದಿದ್ದು, ನರಕ್ಕೆ ತೊಂದರೆ ಇಲ್ಲದಿದ್ದರೆ, 6 ರಿಂದ 8 ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡುವುದುಂಟು. ಮುರಿತದ ಊತ ಇಳಿದು ಮಜ್ಜೆ ಮತ್ತೆ ಬೆಳ್ಳಗಾಗತೊಡಗುತ್ತದೆ, ಗಡ್ಡೆ ಹಾಗೆ ಮಾಡುವುದಿಲ್ಲ.

ಹುರಿಯ ಒಳಗೆ ಮತ್ತು ಪಕ್ಕದಲ್ಲಿ

ಪೊರೆಯೊಳಗೆ, ಹುರಿಯ ಹೊರಗೆ ಇರುವುದು ಹೆಚ್ಚಾಗಿ ಶ್ವಾನೋಮಾ ಅಥವಾ ಮೆನಿಂಜಿಯೋಮಾ. ಶ್ವಾನೋಮಾ ನರದ ಬೇರನ್ನು ಹಿಡಿದು, ಅದು ಹೊರಬರುವ ಕಿಂಡಿಯನ್ನು ಅಗಲಿಸಿ ಡಂಬೆಲ್ ಆಕಾರದಲ್ಲಿ ಬೆಳೆಯುತ್ತದೆ. ಮೆನಿಂಜಿಯೋಮಾ ಎದೆಯ ಮಟ್ಟದಲ್ಲಿ, ನಡುವಯಸ್ಸು ದಾಟಿದ ಹೆಂಗಸರಲ್ಲಿ ಹೆಚ್ಚು. ಎರಡೂ ಬಹುಪಾಲು ಕ್ಯಾನ್ಸರ್ ಅಲ್ಲ, ತೆಗೆದರೆ ಕಾಲಿನ ಬಲ ಮರಳುವ ಸಾಧ್ಯತೆ ಹೆಚ್ಚು. ಕಳಚಿಬಿದ್ದ ಡಿಸ್ಕಿನ ತುಂಡು ಕೂಡ ಗಡ್ಡೆಯಂತೆ ತೋರಬಹುದು. ಕಾಂಟ್ರಾಸ್ಟ್ ಕೊಟ್ಟರೆ ಡಿಸ್ಕಿನ ಅಂಚು ಮಾತ್ರ ಬೆಳಗುತ್ತದೆ, ಗಡ್ಡೆ ಒಳಗೂ ಬೆಳಗುತ್ತದೆ.

ಹುರಿಯ ಒಳಗಿನ ಬಿಳುಪನ್ನು ಗಡ್ಡೆ ಎನ್ನುವ ಮುನ್ನ ಹುರಿ ಊದಿದೆಯೇ ನೋಡಬೇಕು. ನರದ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಕಲೆ ಸಾಮಾನ್ಯವಾಗಿ ಎರಡು ಕಶೇರುಗಳ ಉದ್ದಕ್ಕಿಂತ ಚಿಕ್ಕದು, ಹುರಿಯ ಅಂಚಿನಲ್ಲಿರುತ್ತದೆ. ಮೂರು ಅಥವಾ ಹೆಚ್ಚು ಕಶೇರುಗಳ ಉದ್ದಕ್ಕೆ ಹಬ್ಬಿದ್ದರೆ ಹುರಿ ಮತ್ತು ಕಣ್ಣಿನ ನರವನ್ನು ಹಿಡಿಯುವ ಉರಿಯೂತ ನ್ಯೂರೋಮೈಲೈಟಿಸ್ ಆಪ್ಟಿಕಾ ನೆನಪಾಗಬೇಕು. ಮಿದುಳಿನ ಎಂಆರ್‌ಐ ಮತ್ತು ಅಕ್ವಾಪೋರಿನ್-4 ರಕ್ತಪರೀಕ್ಷೆ ಮಾಡಿಸಬೇಕು. ಹುರಿಯ ಹಿಂಭಾಗದಲ್ಲಷ್ಟೇ ಉದ್ದನೆಯ ಬಿಳುಪಿದ್ದರೆ ಬಿ12 ಕೊರತೆ ಇರಬಹುದು. ಅದಕ್ಕೆ ಬೇಕಾದದ್ದು ವಿಟಮಿನ್ ಇಂಜೆಕ್ಷನ್, ಶಸ್ತ್ರಚಿಕಿತ್ಸೆಯಲ್ಲ.

ಒಂದು ರೋಗವನ್ನು ವಿಶೇಷವಾಗಿ ಹೇಳಲೇಬೇಕು, ಏಕೆಂದರೆ ಅದು ಪದೇಪದೇ ತಪ್ಪಿಹೋಗುತ್ತದೆ: ಡ್ಯೂರಲ್ ಎವಿ ಫಿಸ್ಟುಲಾ, ಅಂದರೆ ಹುರಿಯ ಪೊರೆಯಲ್ಲಿ ಅಪಧಮನಿ ಮತ್ತು ಅಭಿಧಮನಿ ನೇರ ಕೂಡಿಕೊಂಡಿರುವುದು. ನಡುವಯಸ್ಸು ದಾಟಿದ ಗಂಡಸು, ತಿಂಗಳುಗಳಿಂದ ನಿಧಾನವಾಗಿ ಕಾಲು ಸೋಲುತ್ತಿದೆ, ನಡೆದರೆ ಹೆಚ್ಚು. ಟಿ2ನಲ್ಲಿ ಹುರಿಯ ಕೆಳಭಾಗ ಬೆಳ್ಳಗಿದೆ, ಅದರ ಹಿಂದೆ ಹುಳು ಹರಿದಂತೆ ಕಪ್ಪು ಚುಕ್ಕೆಗಳಿವೆ. ಆ ಚುಕ್ಕೆಗಳು ಉಬ್ಬಿದ ರಕ್ತನಾಳಗಳು. ಇದನ್ನು ಉರಿಯೂತವೆಂದು ತಿಳಿದು ಸ್ಟಿರಾಯ್ಡ್ ಕೊಟ್ಟರೆ ಕಾಲು ಇನ್ನೂ ಬೀಳಬಹುದು. ಅನುಮಾನ ಬಂದರೆ ಸಿಐಎಸ್‌ಎಸ್ ಎಂಬ ತೆಳು ಪದರದ ಚಿತ್ರ, ಆಮೇಲೆ ಆಂಜಿಯೋಗ್ರಾಮ್.

ಡಿಟಿಐ ಎಂಬ ನರತಂತುಗಳ ನಕ್ಷೆಯ ಬಗ್ಗೆ ಹಲವರು ಕೇಳುತ್ತಾರೆ. ಗಡ್ಡೆ ತಂತುಗಳನ್ನು ಪಕ್ಕಕ್ಕೆ ತಳ್ಳಿದೆಯೋ ಅವುಗಳ ನಡುವೆಯೇ ನುಗ್ಗಿದೆಯೋ ಎಂದು ಶಸ್ತ್ರಚಿಕಿತ್ಸಕರಿಗೆ ಅಂದಾಜು ಕೊಡುತ್ತದೆ. ಹುರಿ ಸಣ್ಣದು, ಉಸಿರಾಟ ಮತ್ತು ಬೆನ್ನುನೀರಿನ ಮಿಡಿತಕ್ಕೆ ಅಲುಗುತ್ತಲೇ ಇರುತ್ತದೆ, ಆದ್ದರಿಂದ ನಕ್ಷೆ ಸುಲಭವಾಗಿ ಕೆಡುತ್ತದೆ. ರೋಗ ಯಾವುದೆಂದು ಹೇಳಲು ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ವರದಿ ಕೈಗೆ ಬಂದ ಮೇಲೆ

ಫಿಲ್ಮ್ ಮಾತ್ರ ತರಬೇಡಿ. ಎಲ್ಲ ಚಿತ್ರಗಳಿರುವ ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ ಪಡೆಯಿರಿ. ಫಿಲ್ಮಿನಲ್ಲಿ ಆಯ್ದ ಕೆಲವೇ ಚಿತ್ರಗಳಿರುತ್ತವೆ. ನಮ್ಮ ಮಳೆಗಾಲದ ತೇವಕ್ಕೆ ಫಿಲ್ಮುಗಳು ಒಂದಕ್ಕೊಂದು ಅಂಟುತ್ತವೆ, ಸಿಡಿಗೆ ಬೂಷ್ಟು ಹಿಡಿಯುತ್ತದೆ. ತಂದ ದಿನವೇ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಫಿಲ್ಮಿನ ಫೋಟೋ ಕಳಿಸಿ ಅಭಿಪ್ರಾಯ ಕೇಳುವುದರಿಂದ ಪ್ರಯೋಜನವಿಲ್ಲ. ಬೂದು ಬಣ್ಣದ ಸಣ್ಣ ವ್ಯತ್ಯಾಸಗಳೆಲ್ಲ ಅಲ್ಲೇ ಅಳಿಸಿಹೋಗುತ್ತವೆ.

ತುರ್ತಲ್ಲದ ಚಿಕಿತ್ಸೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಖಾಸಗಿ ಆಸ್ಪತ್ರೆಗೆ ಹೋಗಬೇಕಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು ಬೇಕು. ಬೆಂಗಳೂರಿನಲ್ಲಿ ನರ ಮತ್ತು ಬೆನ್ನುಹುರಿಯ ತೊಂದರೆಗೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ ಇವೆ. ಹೊರಡುವ ಮುನ್ನ ಹಳೆಯ ಸ್ಕ್ಯಾನ್, ರಕ್ತದ ವರದಿ, ಹಿಂದಿನ ಆಪರೇಷನ್‌ನ ಡಿಸ್ಚಾರ್ಜ್ ಚೀಟಿ ಒಂದೇ ಚೀಲದಲ್ಲಿರಲಿ.

ಬಯಾಪ್ಸಿ ಎಂದರೆ ಹೆಚ್ಚಿನವರಿಗೆ ಭಯ, 'ಸೂಜಿ ಚುಚ್ಚಿದರೆ ಹರಡುತ್ತದೆ' ಎಂಬ ಮಾತು ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂಗಲೆಯವರೆಗೆ ಎಲ್ಲೆಡೆ ಇದೆ. ಸಿಟಿ ಚಿತ್ರ ನೋಡುತ್ತ ಸೂಜಿ ಇಳಿಸುವ ಈ ಪರೀಕ್ಷೆ ಸಾಮಾನ್ಯವಾಗಿ ಜಾಗ ಮರಗಟ್ಟಿಸಿ ಮಾಡುವಂಥದ್ದು. ಇದನ್ನು ತಪ್ಪಿಸಿ ಊಹೆಯ ಮೇಲೆ ಟಿಬಿ ಮಾತ್ರೆ ಶುರುಮಾಡಿದರೆ, ಒಳಗಿರುವುದು ಲಿಂಫೋಮಾ (ದುಗ್ಧಕೋಶಗಳ ಕ್ಯಾನ್ಸರ್) ಅಥವಾ ಮೈಲೋಮಾ ಆಗಿದ್ದಲ್ಲಿ ತಿಂಗಳುಗಳೇ ಕೈತಪ್ಪುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಮುಂಚೆಯೇ ಹೇಳಬೇಕು. ಕಾಲಿನ ಬಲ ಇಳಿಯುತ್ತಿಲ್ಲದಿದ್ದರೆ ಬಯಾಪ್ಸಿಗೆ ಮುನ್ನ ಸ್ಟಿರಾಯ್ಡ್ ಬೇಡ, ಲಿಂಫೋಮಾ ಇದ್ದರೆ ಅದು ಕರಗಿ ಸ್ಯಾಂಪಲ್‌ನಲ್ಲಿ ಏನೂ ಸಿಗದಂತಾಗುತ್ತದೆ. ಜ್ವರ, ಸೆಪ್ಸಿಸ್ ಇಲ್ಲದಿದ್ದರೆ ಆ್ಯಂಟಿಬಯಾಟಿಕ್ ಕೂಡ ಕಾಯಬಹುದು, ಇಲ್ಲವಾದರೆ ಕಲ್ಚರ್ ಬೆಳೆಯುವುದಿಲ್ಲ.

ತೆಗೆದ ತುಂಡುಗಳನ್ನು ಎರಡು ಡಬ್ಬಿಯಲ್ಲಿ ಹಂಚಬೇಕು. ಒಂದು ಫಾರ್ಮಲಿನ್‌ನಲ್ಲಿ, ಪ್ಯಾಥಾಲಜಿಗೆ. ಇನ್ನೊಂದು ಬರೀ ಸಲೈನ್‌ನಲ್ಲಿ, ಟಿಬಿ ಕ್ರಿಮಿಯನ್ನು ಪತ್ತೆಹಚ್ಚುವ ಸಿಬಿನಾಟ್ ಪರೀಕ್ಷೆಗೆ ಮತ್ತು ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಕ್ರಿಮಿಗಳು ಸತ್ತು ಕಲ್ಚರ್ ಅಸಾಧ್ಯವಾಗುತ್ತದೆ, ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ. 'ಎರಡು ಡಬ್ಬಿ ಕಳಿಸುತ್ತೀರಾ?' ಎಂದು ಅಂದು ಬೆಳಿಗ್ಗೆಯೇ ಕೇಳಿ.

ಟಿಬಿ ಎಂದು ಖಚಿತವಾದರೆ ಬೆನ್ನುಮೂಳೆಗೆ ಸಾಮಾನ್ಯವಾಗಿ ಕನಿಷ್ಠ 12 ತಿಂಗಳ ಔಷಧಿ, ಸರ್ಕಾರದಿಂದ ಉಚಿತ. ಮೊದಲ ವಾರಗಳಲ್ಲಿ ರೋಗಿ ಚೇತರಿಸಿಕೊಳ್ಳುತ್ತಿದ್ದರೂ ಎಂಆರ್‌ಐ ಹಾಗೆಯೇ ಇರಬಹುದು, ಇನ್ನೂ ಕೆಟ್ಟಂತೆಯೂ ಕಾಣಬಹುದು. ಅದನ್ನು ಕಂಡು ಮಾತ್ರೆ ನಿಲ್ಲಿಸಬೇಡಿ. ತೂಕ, ನೋವು, ಇಎಸ್‌ಆರ್, ಕಾಲಿನ ಬಲ ಏನು ಹೇಳುತ್ತಿವೆ ಎಂದು ವೈದ್ಯರ ಜೊತೆ ನೋಡಿ. ಮರು ಸ್ಕ್ಯಾನ್ ಮಾಡಿಸುವಾಗ ಸಾಧ್ಯವಿದ್ದಷ್ಟು ಅದೇ ಯಂತ್ರದಲ್ಲಿ, ಅದೇ ಚಿತ್ರಗಳನ್ನು ತೆಗೆಸಿ, ಹಳೆಯ ಸಿಡಿಯನ್ನು ರೇಡಿಯಾಲಜಿಸ್ಟ್ ಕೈಗೆ ಸ್ಕ್ಯಾನಿಗೆ ಮುನ್ನವೇ ಕೊಡಿ.